ಇನಿಶಿಯಲ್ ಇದೆ, ಸರ್‌ನೇಮ್ ಎಲ್ಲಿಂದ ತರೋದು?

ಶ್ರೀನಿವಾಸಪುರದಿಂದ ಕೇಳಿದ್ದೀರಿ: ಮಗಳ ಪಾಸ್‌ಪೋರ್ಟ್ ಅರ್ಜಿಯ ಸರ್‌ನೇಮ್ ಖಾನೆಗೆ ಏನು ಬರೆಯೋದು, ನಮಗಿರೋದು ಎರಡು ಇನಿಶಿಯಲ್ ಮಾತ್ರ, ಮನೆತನದ ಹೆಸರೇ ಇಲ್ಲವಲ್ಲ ಅಂತ.

ಇಲ್ಲ ಅಂತ ಯಾರು ಹೇಳಿದ್ದು ಮೇಡಂ? ಆ ಇನಿಶಿಯಲ್ ಬಿಡಿಸಿ ನೋಡಿ. ಮುಳಬಾಗಿಲಲ್ಲಿ ಹುಟ್ಟಿದ ಡಿ.ವಿ.ಜಿ. ಅಂದರೆ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ: ಊರು, ಅಪ್ಪ, ಆಮೇಲೆ ತಾನು. ಮಾಸ್ತಿಯವರ ಮಾಸ್ತಿ ಮಾಲೂರು ತಾಲ್ಲೂಕಿನ ಊರು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ 'ಎಂ' ಇನ್ನೂ ಸ್ವಾರಸ್ಯ. ಅದು ಮೋಕ್ಷಗುಂಡಂ, ಪೂರ್ವಿಕರು ಬಿಟ್ಟುಬಂದ ಆಂಧ್ರದ ಊರು. ಊರು ಬಿಟ್ಟರೂ ಹೆಸರು ಬಿಡಲಿಲ್ಲ. ನಿಮ್ಮ ಕಡೆ ತೆಲುಗು ಮನೆಮಾತಿನವರಲ್ಲಿ ಇಂಟಿಪೇರು, ಅಂದರೆ ಮನೆತನದ ಹೆಸರು, ಇರುತ್ತದೆ, ಮನೆಯ ಹಿರಿಯರನ್ನು ಒಮ್ಮೆ ಕೇಳಿ.

ಸರ್‌ನೇಮ್ ಇಲ್ಲದವರು ನಾವೊಬ್ಬರೇ ಅಲ್ಲ. ಐಸ್‌ಲ್ಯಾಂಡಿನಲ್ಲಿ ಯೋನ್ ಎಂಬವನ ಮಗಳು ಯೋನ್ಸ್‌ದೋತ್ತಿರ್, ಮಗ ಯೋನ್ಸನ್. ಒಂದೇ ಮನೆಯ ಅಣ್ಣ ತಂಗಿಗೇ ಬೇರೆ ಬೇರೆ. ಬರ್ಮಾದವರಿಗೂ ಮನೆತನದ ಹೆಸರಿನ ವಾಡಿಕೆಯಿಲ್ಲ.

ಇನ್ನು ಅರ್ಜಿ. ಇನಿಶಿಯಲ್ ಬೇಡ, ಬಿಡಿಸಿ ಬರೆಯಿರಿ. ಸರ್‌ನೇಮ್ ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಬರುತ್ತದೆ, ಆದರೆ ಹೆಸರು ಒಂದೇ ಪದದ್ದಾದರೆ ಮುಂದೆ ಕಿರಿಕಿರಿ. 2022ರ ನವೆಂಬರಿನಲ್ಲಿ ಯುಎಇ ಅಂಥ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲ ಅಂದಿತ್ತು. ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ಆದೀತು ಅಂತ ಆಮೇಲೆ ಸಡಿಲಿಸಿತು. ನನ್ನ ಕೇಳಿದರೆ ಊರಿನ ಹೆಸರೇ ಹಾಕಿ. ಅಪ್ಪನ ಹೆಸರು ಹಾಕಿದರೆ ವಿದೇಶದಲ್ಲಿ ಹುಡುಗಿಯನ್ನು 'ಮಿಸ್ ನಾರಾಯಣಪ್ಪ' ಅಂತಲೇ ಕೂಗುತ್ತಾರೆ! ಯಾವುದೇ ಹಾಕಿ, ಆಧಾರ್, ಮಾರ್ಕ್ಸ್ ಕಾರ್ಡಿನಲ್ಲೂ ಅದೇ ಇರಲಿ.