ನಿಂತ ಎದೆಬಡಿತ ಮರಳಿ ಬಂದ ಮೇಲೆ

ಪ್ರಶ್ನೆ: ನನ್ನ ಮಗಳಿಗೆ ಎರಡೂವರೆ ವರ್ಷ. ಶ್ರಾವಣದಲ್ಲಿ ನ್ಯುಮೋನಿಯಾ ಜೋರಾಗಿ ವಿಜಯಪುರದ ಒಂದು ಆಸ್ಪತ್ರೆಯ ಐಸಿಯುಗೆ ಸೇರಿಸಿದೆವು. ಎರಡನೇ ದಿನ ನಸುಕಿನಲ್ಲಿ ಅವಳ ಎದೆಬಡಿತ ನಿಂತಿತು. ನನ್ನನ್ನು ಹೊರಗೆ ಕಳಿಸಿದರು. ಆರು ನಿಮಿಷ ಎದೆ ಒತ್ತಿ ಉಳಿಸಿದೆವು ಅಂತ ಆಮೇಲೆ ಹೇಳಿದರು. ಹದಿನಾರು ದಿನಕ್ಕೆ ಮನೆಗೆ ಬಂದಳು. ಈಗ ಮಾತು ಕಡಿಮೆ. ಲೋಟ ಹಿಡಿದರೆ ಕೈ ನಡುಗುತ್ತದೆ. ಒಮ್ಮೆ ನಿಂತ ಹಾರ್ಟು ಮತ್ತೆ ನಿಲ್ಲುತ್ತದೆ ಅಂತ ಮನೆಯಲ್ಲಿ ಅನ್ನುತ್ತಾರೆ. ರಾತ್ರಿಯಿಡೀ ಅವಳ ಎದೆಯ ಮೇಲೆ ಕೈ ಇಟ್ಟುಕೊಂಡು ಮಲಗುತ್ತೇನೆ. ನಾನು ಎರಡು ದಿನ ತಡ ಮಾಡಿದ್ದಕ್ಕೇ ಹೀಗಾಯಿತಾ, ಡಾಕ್ಟರ್ ಅಕ್ಕಾ?
— ಒಬ್ಬ ತಾಯಿ, ಸಿಂದಗಿ ತಾಲೂಕು

ಉತ್ತರ: ತಂಗಿ, ಮೊದಲು ರಾತ್ರಿಯ ಮಾತು. ಎದೆಯ ಮೇಲಿನ ಆ ಕೈ ತೆಗೆದು ನೀವೂ ನಿದ್ದೆ ಮಾಡಿ.

ದೊಡ್ಡವರಲ್ಲಿ ಎದೆಬಡಿತ ನಿಂತರೆ ಎಷ್ಟೋ ಸಲ ಹಾರ್ಟೇ ಕೆಟ್ಟಿರುತ್ತದೆ. ರಕ್ತನಾಳ ಕಟ್ಟಿರುತ್ತದೆ, ಇಲ್ಲವೇ ಬಡಿತದ ಲಯ ತಪ್ಪಿರುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಹಾಗಲ್ಲ. ಮೊದಲು ಉಸಿರು ಸೋಲುತ್ತದೆ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ, ಬಡಿತ ನಿಧಾನವಾಗುತ್ತದೆ, ಕೊನೆಗೆ ಹಾರ್ಟು ನಿಲ್ಲುತ್ತದೆ. ನಿಮ್ಮ ಮಗಳ ಕಾಯಿಲೆ ನ್ಯುಮೋನಿಯಾ. ಅದು ವಾಸಿಯಾಗಿದ್ದರೆ, ಹುಟ್ಟಿನಿಂದ ಹಾರ್ಟಿನ ತೊಂದರೆ ಇಲ್ಲದಿದ್ದರೆ, ಸುಮ್ನೆ ಮಲಗಿದ ಮಗುವಿನ ಹಾರ್ಟು ಮತ್ತೆ ನಿಂತುಬಿಡುತ್ತದೆ ಎಂಬ ಭಯ ಬೇಡ. ಆಸ್ಪತ್ರೆಯಲ್ಲಿ ಎಕೋ (ಹಾರ್ಟಿನ ಸ್ಕ್ಯಾನ್) ಮಾಡಿದ್ದರೆ ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದಿರುತ್ತಾರೆ, ನೋಡಿ. ಮಾಡಿಲ್ಲದಿದ್ದರೆ ಮುಂದಿನ ಸಲ ಹೋದಾಗ ಕೇಳಿ.

ಬಾಗಿಲ ಹೊರಗೆ ನಿಂತಿದ್ದ ನಿಮಗೆ ಒಳಗೆ ಏನಾಯಿತು ಅಂತ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ. ನಾನು ಅಂಥ ಎಷ್ಟೋ ಮಂಚಗಳ ಪಕ್ಕ ನಿಂತವಳು, ಹೇಳುತ್ತೇನೆ. ಒಬ್ಬರು ಎದೆಯ ನಡುವೆ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾರೆ. ಎದೆಯ ದಪ್ಪದ ಮೂರರಲ್ಲಿ ಒಂದು ಪಾಲು ತಗ್ಗುವಷ್ಟು. ನೋಡುವವರಿಗೆ ಎದೆ ಒಡೆಯುತ್ತದೇನೋ ಅನ್ನಿಸುತ್ತದೆ. ಆದರೆ ಮಕ್ಕಳ ಪಕ್ಕೆಲುಬು ಮೆತ್ತಗೆ, ಮುರಿಯುವುದು ಅಪರೂಪ. ಇನ್ನೊಬ್ಬರು ಅಂಬು ಬ್ಯಾಗ್ ಹಿಸುಕಿ ಉಸಿರು ಕೊಡುತ್ತಾರೆ. ಮೂರನೆಯವರು ಹಾರ್ಟನ್ನು ಮತ್ತೆ ಬಡಿಯುವಂತೆ ಮಾಡಲು ಅಡ್ರಿನಲಿನ್ ಇಂಜೆಕ್ಷನ್ ಹಾಕಿ ಗಡಿಯಾರ ನೋಡುತ್ತಾರೆ. ಮೂರರಿಂದ ಐದು ನಿಮಿಷಕ್ಕೊಮ್ಮೆ ಮತ್ತೆ ಹಾಕಬೇಕು. ಒತ್ತುವವರಿಗೆ ಎರಡು ನಿಮಿಷಕ್ಕೇ ಕೈ ಸೋಲುತ್ತದೆ, ಬದಲಾಗುತ್ತಾರೆ. ತಂದೆ ತಾಯಿ ಬಯಸಿದರೆ ಒಬ್ಬ ನರ್ಸ್ ಜೊತೆಗೆ ಅವರನ್ನು ಒಳಗೇ ನಿಲ್ಲಿಸಬಹುದು. ಹಾಗೆ ನಿಲ್ಲಿಸಬೇಕು ಅನ್ನುವವಳು ನಾನು. ಗೋಡೆಯಾಚೆ ನಿಂತು ಊಹಿಸುವುದು ಕಣ್ಣಾರೆ ನೋಡುವುದಕ್ಕಿಂತ ಕಷ್ಟ, ಅಲ್ವಾ?

ಆರು ನಿಮಿಷ ಅಂದಿರಿ. ಅಮೆರಿಕದ ಆಸ್ಪತ್ರೆಗಳಲ್ಲಿ 2000ದಿಂದ 2009ರವರೆಗೆ ಹೀಗೆ ಎದೆ ಒತ್ತಿಸಿಕೊಂಡ 3,419 ಮಕ್ಕಳ ಲೆಕ್ಕ ಇದೆ. ಹದಿನೈದು ನಿಮಿಷದೊಳಗೆ ಒತ್ತುವುದು ಮುಗಿದ ಮಕ್ಕಳಲ್ಲಿ ನೂರಕ್ಕೆ 41 ಮಕ್ಕಳು ಬದುಕಿ ಮನೆಗೆ ಹೋದರು. ಮೂವತ್ತೈದು ನಿಮಿಷ ದಾಟಿದವರಲ್ಲಿ 12 ಮಕ್ಕಳು. ಹೀಗೆ ಬದುಕಿದವರಲ್ಲಿ ಹೆಚ್ಚಿನ ಮಕ್ಕಳ ಮೆದುಳು ಚೆನ್ನಾಗೇ ಇತ್ತು. ಅದೇ ದೇಶದಲ್ಲಿ ನಾಡಿ ಪೂರ್ತಿ ನಿಂತ ಮಕ್ಕಳಲ್ಲಿ 2000ದಲ್ಲಿ ನೂರಕ್ಕೆ 19 ಮಂದಿ ಉಳಿದರೆ, 2018ಕ್ಕೆ 38 ಮಂದಿ ಉಳಿದರು. ಆಸ್ಪತ್ರೆಯ ಹೊರಗೆ, ಮನೆಯಲ್ಲೋ ದಾರಿಯಲ್ಲೋ ನಿಂತರೆ ಉಳಿಯುವವರು ನೂರಕ್ಕೆ ಹತ್ತರ ಆಸುಪಾಸು.

ಈ ಕೊನೆಯ ಅಂಕಿಯನ್ನು ಬರೆದದ್ದು ನಿಮ್ಮ ಇನ್ನೊಂದು ಪ್ರಶ್ನೆಗಾಗಿ. ತಡ ಆಗದಿದ್ದರೆ ಒಳ್ಳೆಯದಿತ್ತು, ನಾನು ಸುಳ್ಳು ಹೇಳಲಾರೆ. ಆದರೆ ಸಂಜೆ ಆಡುತ್ತಿದ್ದ ಕೂಸು ನ್ಯುಮೋನಿಯಾದಲ್ಲಿ ಬೆಳಗಾಗುವುದರೊಳಗೆ ಸೋತುಹೋಗುವುದನ್ನು ನಾನೇ ಕಂಡಿದ್ದೇನೆ. ಹೊಟ್ಟೆಗೆ ಬರೆ ಹಾಕಿಸಿ ನಾಲ್ಕನೇ ದಿನ ಕರೆತಂದ ಕೂಸುಗಳನ್ನೂ ಕಂಡಿದ್ದೇನೆ. ಬಸವನ ಬಾಗೇವಾಡಿ ಕಡೆಯ ಎಂಟು ತಿಂಗಳ ಒಂದು ಗಂಡು ಕೂಸಿನ ಎದೆ ಒತ್ತುತ್ತ ನಾನು ಅತ್ತಿದ್ದೆ. ಅದು ಉಳಿಯಲಿಲ್ಲ. ದಾರಿಯಲ್ಲೇ ಉಸಿರು ನಿಂತಿತ್ತು. ನಿಮ್ಮ ಮಗಳ ಎದೆಬಡಿತ ನಿಂತಾಗ ಅವಳು ಮಾನಿಟರ್ ಕೆಳಗೆ ಇದ್ದಳು, ಪಕ್ಕದಲ್ಲೇ ಕೈಗಳಿದ್ದವು. ಅಲ್ಲಿಗೆ ಅವಳನ್ನು ಹೊತ್ತು ತಂದವರು ನೀವು. ಮನೆಯಲ್ಲಿ ಯಾರಾದರೂ ತಡ ಮಾಡಿದಿ ಅಂದರೆ ಈ ಕಾಗದ ಓದಿಸಿ.

ಈಗ ನಿಜವಾಗಿ ಕಣ್ಣಿಡಬೇಕಾದದ್ದು ಮೆದುಳಿನ ಮೇಲೆ. ಮಾತು ಕಡಿಮೆಯಾಗಿದ್ದು, ಕೈ ನಡುಗುವುದು ಎರಡನ್ನೂ ನಾನು ಹಗುರವಾಗಿ ನೋಡುವುದಿಲ್ಲ. ಹದಿನಾರು ದಿನ ಮಲಗಿದ ಮಗುವಿಗೆ ಸ್ನಾಯು ಸೋತಿರುತ್ತವೆ, ಐಸಿಯುನ ಹೆದರಿಕೆ ಉಳಿದಿರುತ್ತದೆ. ಕಾರಣ ಅಷ್ಟೇ ಇರಬಹುದು. ಆದರೆ ಆಕ್ಸಿಜನ್ ಕಡಿಮೆಯಾದ ಆ ನಿಮಿಷಗಳ ಪೆಟ್ಟೂ ಆಗಿರಬಹುದು. ಎದುರಿಗೆ ಕೂರಿಸಿ ಪರೀಕ್ಷಿಸದೆ ಹೇಳಲಾಗದು. ಇದೇ ವಾರ ಮಕ್ಕಳ ಡಾಕ್ಟರಿಗೆ ತೋರಿಸಿ. ಕನಿಷ್ಠ ಒಂದು ವರ್ಷ ನಡಿಗೆ, ಮಾತು, ಕೇಳುವುದು, ನೋಡುವುದು ಎಲ್ಲ ಆಗಾಗ ಪರೀಕ್ಷೆ ಆಗಬೇಕು. ಮಾತಿನ ತರಬೇತಿ, ಫಿಸಿಯೋಥೆರಪಿ ಬೇಕಾದರೆ ಬೇಗ ಶುರು ಮಾಡಿದಷ್ಟು ಲಾಭ ಜಾಸ್ತಿ. ದುಡ್ಡಿನ ಚಿಂತೆ ಇದ್ದರೆ, ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ಡಾಕ್ಟರುಗಳ ತಂಡಕ್ಕೆ ಹೆಸರು ಬರೆಸಿ. ಅದು ಉಚಿತ. ಕಣ್ಣು ಮೇಲೆ ಮಾಡಿದರೆ, ಕೈಕಾಲು ಸೆಟೆದರೆ ಕಾಯಬೇಡಿ, ತಕ್ಷಣ ಕರೆದುಕೊಂಡು ಹೋಗಿ.

ಮುಂದೆ ಕೆಮ್ಮು ಜ್ವರ ಬಂದರೆ ಎದೆಬಡಿತ ನೋಡಬೇಡಿ, ಉಸಿರು ಎಣಿಸಿ. ಮಗು ಅಳದೆ ಸುಮ್ಮನಿದ್ದಾಗ ಅಂಗಿ ಎತ್ತಿ, ಮೊಬೈಲಿನಲ್ಲಿ ಪೂರ್ತಿ ಒಂದು ನಿಮಿಷ ಇಟ್ಟುಕೊಂಡು ಎಣಿಸಬೇಕು. ಅವಳ ವಯಸ್ಸಿಗೆ 40 ಅಥವಾ ಜಾಸ್ತಿ ಇದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಪಕ್ಕೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಕುಡಿಯಲಿಕ್ಕೇ ಆಗದಿದ್ದರೆ 108ಕ್ಕೆ ಫೋನ್ ಮಾಡಿ.

ಆ ಡಿಸ್ಚಾರ್ಜ್ ಕಾರ್ಡಿನ ಎರಡು ಝೆರಾಕ್ಸ್ ಮಾಡಿಸಿ. ಒಂದು ತಾಯಿ ಕಾರ್ಡಿನ ಒಳಗೆ ಇಡಿ, ಇನ್ನೊಂದು ಊರಿನ ಆಶಾ ಕಾರ್ಯಕರ್ತೆಗೆ ಕೊಡಿ. ಡಾಕ್ಟರಿಗೆ ತೋರಿಸಿದ ಮೇಲೆ ಏನಂದರು ಅಂತ ನನಗೆ ಬರೆಯಿರಿ. ನಾನು ಕಾಯುತ್ತಿರುತ್ತೇನೆ.