ಹಸಿವು ಮತ್ತೆ ಬಂತು, ಆಪರೇಷನ್ ಹಾಳಾಯ್ತಾ?

ಈ ಸಲ ಬಂದ ಪತ್ರಗಳಲ್ಲಿ ಮೂರು, ತೂಕ ಇಳಿಸುವ ಆಪರೇಷನ್ ಬಗ್ಗೆ ಇವೆ. ಹದಿನಾರು ವರ್ಷದಿಂದ ಇಂಥ ಆಪರೇಷನ್ ಆದವರ ಊಟ ನೋಡಿಕೊಳ್ಳುವುದೇ ಡಯಟಿಷಿಯನ್ ಆಗಿ ನನ್ನ ಕೆಲಸ. ಹಾಗಾಗಿ ಮೂರಕ್ಕೂ ಇಲ್ಲೇ ಉತ್ತರ ಬರೆದಿದ್ದೇನೆ. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದೇ ಪ್ರಶ್ನೆಯನ್ನು ನನ್ನ ಮುಂದೆ ಕುಳಿತು, ದನಿ ತಗ್ಗಿಸಿ ಕೇಳಿದವರು ತುಂಬಾ ಜನ.

ಪ್ರಶ್ನೆ: ಮೇಡಂ, ನನಗೆ 38 ವರ್ಷ. ಎತ್ತರ 160 ಸೆಂ.ಮೀ. ಐದು ತಿಂಗಳ ಹಿಂದೆ ಸ್ಲೀವ್ ಆಪರೇಷನ್ (ಜಠರದ ಬಹುಪಾಲು ಕತ್ತರಿಸಿ ತೆಗೆಯುವುದು) ಮಾಡಿಸಿಕೊಂಡೆ. ಆಗ 118 ಕೆ.ಜಿ. ಇದ್ದೆ, ಈಗ 94. ಮೊದಮೊದಲು ಹಸಿವು ಅನ್ನೋದೇ ಇರಲಿಲ್ಲ. ಫೋನಿನಲ್ಲಿ ಅಲಾರಂ ಇಟ್ಟುಕೊಂಡು ಊಟ ಮಾಡುತ್ತಿದ್ದೆ. ಈಗ ಹದಿನೈದು ದಿನದಿಂದ ಮತ್ತೆ ಹಸಿವಾಗುತ್ತಿದೆ. ಮೂರು ಚಮಚಕ್ಕೆ ಸಾಕು ಅನ್ನಿಸುತ್ತಿದ್ದವಳು ಈಗ ಅರ್ಧ ಬಟ್ಟಲು ತಿನ್ನುತ್ತೇನೆ. ಹೊಟ್ಟೆ ಮತ್ತೆ ಹಿಗ್ಗಿಬಿಟ್ಟಿತಾ? ಶೇ 60ರಷ್ಟು ತೂಕ ಹೋಗುತ್ತದೆ ಅಂದಿದ್ದರು. ನನ್ನ ಲೆಕ್ಕದಲ್ಲಿ 70 ಕೆ.ಜಿ. ಹೋಗಬೇಕು. ಆದರೆ ಮೂರು ವಾರದಿಂದ ತೂಕ ಇದ್ದಲ್ಲೇ ನಿಂತಿದೆ. ಮನೆಯವರು "ಹೊಟ್ಟೆ ಕತ್ತರಿಸಿಕೊಂಡ ಮೇಲೂ ಹಸಿವಾ?" ಅಂತಾರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಬಿಸ್ಕತ್ತು ತಿಂದು ಅತ್ತಿದ್ದೇನೆ.

ಉತ್ತರ: ಮೊದಲು ಆ 60ರ ಲೆಕ್ಕ ಸರಿ ಮಾಡೋಣ. ನಿಮ್ಮ ಅರ್ಧ ದುಃಖ ಅಲ್ಲೇ ಇದೆ.

ಅವರು ಹೇಳಿದ ಶೇ 60 ನಿಮ್ಮ ಇಡೀ ತೂಕದ್ದಲ್ಲ, ಹೆಚ್ಚಿಗೆ ಇದ್ದ ತೂಕದ್ದು. ಬಿಎಂಐ ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಅಳತೆ. ನಿಮ್ಮ ಎತ್ತರಕ್ಕೆ ಬಿಎಂಐ 25 ಅಂದರೆ 64 ಕೆ.ಜಿ. ನೀವಿದ್ದದ್ದು 118. ಹೆಚ್ಚಿಗೆ ಇದ್ದದ್ದು 54. ಅದರಲ್ಲಿ ಶೇ 60 ಅಂದರೆ ಸುಮಾರು 32 ಕೆ.ಜಿ. ಐದೇ ತಿಂಗಳಲ್ಲಿ ನೀವು 24 ಇಳಿಸಿದ್ದೀರಿ. ಮುಕ್ಕಾಲು ದಾರಿ ಆಗಲೇ ಬಂದುಬಿಟ್ಟಿದ್ದೀರಿ, ಅಲ್ವಾ? ಸ್ಲೀವ್ ಆದವರು ವರ್ಷ, ಒಂದೂವರೆ ವರ್ಷದಲ್ಲಿ ಸಾಮಾನ್ಯವಾಗಿ ಇಡೀ ತೂಕದ ಕಾಲು ಭಾಗದಷ್ಟು ಇಳಿಯುತ್ತಾರೆ. ನಿಮಗದು 30 ಕೆ.ಜಿ. ಆಸುಪಾಸು. ಕೆಲವರಿಗೆ ಜಾಸ್ತಿ, ಕೆಲವರಿಗೆ ಕಡಿಮೆ. 70 ಕೆ.ಜಿ. ಹೋಗಿದ್ದರೆ ನೀವು 48ಕ್ಕೆ ಬರಬೇಕಿತ್ತು. ಈ ಆಪರೇಷನ್‌ನಿಂದ ಯಾರೂ ಅದನ್ನು ನಿರೀಕ್ಷಿಸುವುದಿಲ್ಲ. ಈ ಲೆಕ್ಕವನ್ನು ಆಪರೇಷನ್‌ಗೆ ಮುಂಚೆಯೇ ನಿಮ್ಮ ಮುಂದೆ ಹಾಳೆಯ ಮೇಲೆ ಬರೆದು ತೋರಿಸಬೇಕಿತ್ತು. ಅದು ನಮ್ಮಂಥವರ ಕೆಲಸ. ಅದು ಆಗದೇ ಹೋದದ್ದಕ್ಕೆ ನೀವು ಯಾಕೆ ಅಳಬೇಕು?

ಇನ್ನು ಹಸಿವು. 1999ರಲ್ಲಿ ಜಪಾನಿನ ವಿಜ್ಞಾನಿಗಳು ಗ್ರೆಲಿನ್ ಅನ್ನುವ ಹಾರ್ಮೋನ್ ಪತ್ತೆ ಮಾಡಿದರು. ಊಟದ ಹೊತ್ತಿಗೆ ಮುಂಚೆ ಇದು ರಕ್ತದಲ್ಲಿ ಏರುತ್ತದೆ, ತಿಂದ ಮೇಲೆ ಇಳಿಯುತ್ತದೆ. ಜಾಸ್ತಿ ತಯಾರಾಗುವುದು ಜಠರದ ಮೇಲಿನ ಗುಮ್ಮಟದಂಥ ಭಾಗದಲ್ಲಿ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ತೆಗೆಯುತ್ತಾರೆ, ಆ ಗುಮ್ಮಟವೂ ಅದರ ಜೊತೆ ಹೋಗುತ್ತದೆ. ನಿಮಗೆ ಅಲಾರಂ ಬೇಕಾಗಿದ್ದು ಅದಕ್ಕೇ. ಆದರೆ ಹಸಿವನ್ನು ನಡೆಸುವುದು ಗ್ರೆಲಿನ್ ಒಂದೇ ಅಲ್ಲ. ಅದು ಪೂರ್ತಿ ನಿಂತುಹೋಗುವುದೂ ಇಲ್ಲ, ಕರುಳಿನಲ್ಲೂ ಸ್ವಲ್ಪ ತಯಾರಾಗುತ್ತದೆ. 24 ಕೆ.ಜಿ. ಕಳೆದುಕೊಂಡ ಮೈ "ಕೊಬ್ಬು ಕಮ್ಮಿ ಆಗ್ತಿದೆ" ಅಂತ ಮಿದುಳಿಗೆ ಬೇರೆ ಸುದ್ದಿ ಕಳಿಸುತ್ತಿರುತ್ತದೆ. ಬಹಳ ಜನಕ್ಕೆ ಆರು ತಿಂಗಳಿಂದ ವರ್ಷದೊಳಗೆ ಹಸಿವು ತಿರುಗಿ ಬರುತ್ತದೆ. ನಿಮಗೆ ಸ್ವಲ್ಪ ಬೇಗ ಬಂದಿದೆ, ಅಷ್ಟೇ.

ಹೊಟ್ಟೆ ಹಿಗ್ಗಿತಾ ಅಂದಿರಿ. ಮೊದಲ ವಾರಗಳಲ್ಲಿ ಹೊಲಿಗೆಯ ಸುತ್ತ ಊತ ಇರುತ್ತದೆ. ಮೂರು ಚಮಚಕ್ಕೆ ಸಾಕಾಗುತ್ತಿದ್ದುದರಲ್ಲಿ ಅದರ ಪಾಲೂ ಇತ್ತು. ಊತ ಇಳಿದ ಮೇಲೆ ಜಾಗ ಆಗುತ್ತದೆ. ವರ್ಷದ ಹೊತ್ತಿಗೆ ಒಂದು ಕಪ್‌ನಷ್ಟು ಊಟ ಹಿಡಿಸುವುದು ಸಾಮಾನ್ಯ. ಐದು ತಿಂಗಳಿಗೆ ಅರ್ಧ ಬಟ್ಟಲು ಸರಿಯಾಗೇ ಇದೆ.

ನನ್ನ ಮನಸ್ಸಿನ ಮಾತು ಹೇಳುತ್ತೇನೆ. ಹಸಿವು ಬಂತು ಅಂತ ಹೆದರಿ ಬರುವವರಿಗಿಂತ, "ಹಸಿವೇ ಇಲ್ಲ ಮೇಡಂ, ದಿನಕ್ಕೊಂದು ಸಲ ತಿಂದರೆ ಸಾಕು" ಅಂತ ಖುಷಿಯಿಂದ ಬರುವವರ ಬಗ್ಗೆ ನನಗೆ ಚಿಂತೆ ಜಾಸ್ತಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಹೋಗಬೇಕು. ಹೋಗದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಮೂರನೇ ನಾಲ್ಕನೇ ತಿಂಗಳಲ್ಲಿ ಹೇಗೂ ಉದುರುವ ಕೂದಲು ಇನ್ನೂ ಜಾಸ್ತಿ ಉದುರುತ್ತದೆ. ಮನೆಯವರು ಮತ್ತೆ ಕೇಳಿದರೆ ಇದನ್ನೇ ಹೇಳಿ.

ಆಪರೇಷನ್‌ಗೆ ಮುಂಚೆ ಎಷ್ಟು ಸಲ ಡಯಟ್ ಮಾಡಿ ಬಿಟ್ಟಿದ್ದೀರೋ ನನಗೆ ಗೊತ್ತಿಲ್ಲ. ಇಲ್ಲಿಗೆ ಬಂದವರೆಲ್ಲ ಮಾಡಿರುತ್ತಾರೆ. ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದಾಗ ಗ್ರೆಲಿನ್ ಏರುತ್ತದೆ, ವರ್ಷ ಕಳೆದರೂ ಏರಿದಂತೆಯೇ ಇರುತ್ತದೆ. ಆಗ ನೀವು ಸೋತಿದ್ದು ಮನಸ್ಸು ಗಟ್ಟಿಯಿಲ್ಲ ಅಂತಲ್ಲ. ಈಗ ಬಂದಿರುವ ಹಸಿವಿಗೂ ಆಗಿನ ಹಸಿವಿಗೂ ವ್ಯತ್ಯಾಸ ಇದೆ. ಆಗ ಎಷ್ಟು ತಿಂದರೂ ಸಾಲುತ್ತಿರಲಿಲ್ಲ. ಈಗ ಅರ್ಧ ಬಟ್ಟಲಿಗೆ ಹೊಟ್ಟೆ ತುಂಬುತ್ತದೆ, ಆದರೆ ಅದು ತುಂಬುವುದನ್ನು ನೀವು ಕಾಯಬೇಕು.

ಕಾಯುವುದು ಅಂದರೇನು ಅಂತ ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಹಾಗೆಯೇ ಹೆದರಿ ಬಂದಿದ್ದ ಒಬ್ಬರಿಗೆ ಬೇಯಿಸಿದ ಮೊಟ್ಟೆ ಕೊಟ್ಟು, ನನ್ನ ಮುಂದೆಯೇ ತಿನ್ನಿ ಅಂದೆ. ಗಡಿಯಾರ ಮೇಜಿನ ಮೇಲಿತ್ತು. ನಾಲ್ಕು ತುತ್ತು, ಮೂರು ನಿಮಿಷ. ಮೂರನೇ ತುತ್ತಿಗೆ ಅವರ ಮೂಗು ಸೋರತೊಡಗಿತು. ಕರ್ಚೀಫಿನಿಂದ ಒರೆಸಿಕೊಂಡು ನಾಲ್ಕನೆಯದನ್ನೂ ಬಾಯಿಗಿಟ್ಟರು. ಆಮೇಲೆ ಬಿಕ್ಕಳಿಕೆ, ಎದೆಯ ನಡುವೆ ಒತ್ತಿದ ಹಾಗೆ ನೋವು. "ನೆಗಡಿ ಇರಬೇಕು" ಅಂದರು. ನೆಗಡಿ ಅಲ್ಲ, ಅದು ಅವರ ಹೊಟ್ಟೆ "ಸಾಕು" ಅಂದ ಹೊತ್ತು. ಈ ಆಪರೇಷನ್ ಆದ ತುಂಬಾ ಜನರಲ್ಲಿ ಹೊಟ್ಟೆ ತುಂಬಿದ್ದು ಮೊದಲು ಗೊತ್ತಾಗುವುದು ಹೀಗೇ: ಮೂಗು ಸೋರುವುದು, ಬಿಕ್ಕಳಿಕೆ, ಒಂದು ಸೀನು, ಸುಮ್ನೆ ಒಂದು ನಿಟ್ಟುಸಿರು. ಮುಂದಿನ ವಾರ ಅದೇ ಮೊಟ್ಟೆ, ಆದರೆ ಟೀ ಚಮಚದಲ್ಲಿ. ಪ್ರತಿ ತುತ್ತಿನ ನಂತರ ಚಮಚ ಕೆಳಗಿಡಬೇಕು, ಬಾಯಲ್ಲಿ ನುಣ್ಣಗಾಗುವವರೆಗೆ ಅಗಿಯಬೇಕು. ಇಪ್ಪತ್ತು ನಿಮಿಷ ಆಯಿತು, ತಟ್ಟೆಯಲ್ಲಿ ಇನ್ನೂ ಕಾಲು ಮೊಟ್ಟೆ ಉಳಿದಿತ್ತು. ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. ನಾನು ಏನೂ ಹೇಳಿರಲಿಲ್ಲ.

ನಿಮಗೆ ಹೊಟ್ಟೆ ಯಾವ ಗುರುತು ಕೊಡುತ್ತದೆ ಅಂತ ಈ ವಾರ ಗಮನಿಸಿ ನೋಡಿ. ಅದು ಬಂದ ತಕ್ಷಣ ನಿಲ್ಲಿಸಿ.

ಊಟದ ಜೊತೆ ನೀರು ಬೇಡ. ಊಟ ಆದ ಮೇಲೂ ಅರ್ಧ ಗಂಟೆ ಬಿಡಿ. ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರ್ ಆದರೂ ಕುಡಿಯಿರಿ, ಬಾಯಾರಿಕೆಯನ್ನೂ ಹಸಿವು ಅಂದುಕೊಂಡುಬಿಡುತ್ತೇವೆ. ಇನ್ನೊಂದು ವಿಷಯ, ಇದನ್ನು ಬಹಳ ಜನ ಹೇಳುವುದೇ ಇಲ್ಲ. ತಿಂದು ಒಂದು ಗಂಟೆಗೆಲ್ಲ ಹೊಟ್ಟೆಯ ಮೇಲ್ಭಾಗದಲ್ಲಿ ಕೊರೆದ ಹಾಗೆ, ಉರಿದ ಹಾಗೆ ಆಗುತ್ತದಾ? ಅದು ಹಸಿವಲ್ಲದೆ ಆಸಿಡ್ ಇರಬಹುದು. ಸ್ಲೀವ್ ಆದವರಲ್ಲಿ ಇದು ಸಾಮಾನ್ಯ. ಡಾಕ್ಟರಿಗೆ ಹೇಳಿದರೆ ಮಾತ್ರೆ ಕೊಡುತ್ತಾರೆ. ಆಸಿಡ್ ಅಂತ ತಿಳಿಯದೆ ಅದನ್ನು ತಿಂದು ತಿಂದು ಸಮಾಧಾನ ಮಾಡುತ್ತಿದ್ದವರನ್ನು ನಾನು ನೋಡಿದ್ದೇನೆ.

ಈಗ ರಾತ್ರಿಯ ಬಿಸ್ಕತ್ತಿಗೆ ಬರೋಣ. ಬಿಸ್ಕತ್ತು, ಚಿಪ್ಸ್, ಐಸ್‌ಕ್ರೀಮ್ ಇವೆಲ್ಲ ಬಾಯಲ್ಲೇ ಕರಗಿ ಜಾರಿಹೋಗುತ್ತವೆ. ಹೊಸ ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ, ಹಾಗಾಗಿ "ಸಾಕು" ಅನ್ನುವ ಗುರುತೂ ಬರುವುದಿಲ್ಲ. ಮೊಟ್ಟೆ, ಗಟ್ಟಿ ಮೊಸರು, ಬೆಂದ ಕಾಳು, ಮೀನು ನಿಲ್ಲುತ್ತವೆ. ಡಬ್ಬಿಯ ಮುಂದೆ ನಿಂತಾಗ ನಿಮ್ಮನ್ನೇ ಕೇಳಿಕೊಳ್ಳಿ: ಈಗ ಇದರ ಬದಲು ಮೊಟ್ಟೆ ಕೊಟ್ಟರೆ ತಿನ್ನುತ್ತೀನಾ? "ಹೂಂ" ಅನ್ನಿಸಿದರೆ ಅದು ಹೊಟ್ಟೆ ಹಸಿವು. ಹಗಲು ಊಟ ಸಾಕಾಗಿಲ್ಲ ಅಂತ ಅರ್ಥ. ಕುಳಿತುಕೊಂಡು, ದೀಪ ಹಾಕಿಕೊಂಡು ಮೊಟ್ಟೆಯನ್ನೇ ತಿನ್ನಿ. ನಾಳೆ ಹಗಲಿನ ಊಟ ಸರಿ ಮಾಡಿಕೊಳ್ಳಿ. "ಉಹೂಂ, ಬಿಸ್ಕತ್ತೇ ಬೇಕು" ಅನ್ನಿಸಿದರೆ ಆ ದಿನ ಯಾರ ಮಾತು ಚುಚ್ಚಿತು, ಎಷ್ಟು ದಣಿವಾಗಿತ್ತು ಅಂತ ಒಂದು ಸಾಲು ಬರೆದಿಡಿ. ಇಷ್ಟು ವರ್ಷ ಸಮಾಧಾನ ಕೊಡುತ್ತಿದ್ದ ತಿಂಡಿ ಒಮ್ಮೆಲೇ ಕೈತಪ್ಪಿದೆ, ಅದಕ್ಕೆ ಅಳು ಬರುವುದು ಸಹಜ. ವಾರಕ್ಕೆ ಎರಡು ಮೂರು ರಾತ್ರಿ ಹೀಗಾಗುತ್ತಿದ್ದರೆ ಆಸ್ಪತ್ರೆಯ ಕೌನ್ಸೆಲರ್ ಹತ್ತಿರ ಮಾತಾಡಿ, ತಡ ಮಾಡಬೇಡಿ.

ಮೂರು ವಾರ ತೂಕ ನಿಲ್ಲುವುದಾ? ಎಲ್ಲರಿಗೂ ನಿಲ್ಲುತ್ತದೆ, ಒಂದಲ್ಲ ಹಲವು ಸಲ. ವಾರಕ್ಕೊಂದೇ ಸಲ ತೂಕ ನೋಡಿ. ಸೊಂಟಕ್ಕೆ ಟೇಪು ಹಿಡಿದು ಅಳತೆ ಬರೆದಿಡಿ. ತೂಕ ನಿಂತಾಗಲೂ ಎಷ್ಟೋ ಸಲ ಸೊಂಟ ಇಳಿಯುತ್ತಿರುತ್ತದೆ.

ಪ್ರಶ್ನೆ: ನನ್ನ ಅಣ್ಣನಿಗೆ ಮುಂದಿನ ತಿಂಗಳು ಗ್ಯಾಸ್ಟ್ರಿಕ್ ಬೈಪಾಸ್ (ಜಠರವನ್ನು ಪುಟ್ಟ ಚೀಲ ಮಾಡಿ ನೇರ ಸಣ್ಣ ಕರುಳಿಗೆ ಜೋಡಿಸುವ ಆಪರೇಷನ್) ಇದೆ. "ಇನ್ನು ಜೀವನದಲ್ಲಿ ತಿನ್ನೋಕಾಗಲ್ಲ" ಅಂತ ದಿನಾ ತನಗೆ ಇಷ್ಟವಾದದ್ದನ್ನೆಲ್ಲ ತರಿಸಿ ತಿನ್ನುತ್ತಿದ್ದಾನೆ. ತಡೆಯಲು ಹೋದರೆ ಬೇಜಾರು ಮಾಡಿಕೊಳ್ಳುತ್ತಾನೆ. ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಆದರೆ ಬೈಯಲೂ ಬೇಡಿ. ಅವರಿಗೆ ಒಳಗೊಳಗೇ ಭಯ ಇದೆ.

ಮೊದಲು ಅವರ ತಪ್ಪು ತಿಳುವಳಿಕೆ ಹೋಗಲಿ. ವರ್ಷದ ಹೊತ್ತಿಗೆ ಬಹಳಷ್ಟು ಊಟ ತಿಂಡಿಗಳನ್ನು ಮತ್ತೆ ತಿನ್ನಬಹುದು, ಸಣ್ಣ ಪ್ರಮಾಣದಲ್ಲಿ. ಸಿಹಿ ಮಾತ್ರ ಹುಷಾರು. ಬೈಪಾಸ್ ಆದವರಲ್ಲಿ ಸಕ್ಕರೆ ನೇರ ಸಣ್ಣ ಕರುಳಿಗೆ ಇಳಿಯುತ್ತದೆ. ಅರ್ಧ ಗಂಟೆಯೊಳಗೆ ಬೆವರು, ಎದೆ ಡವಡವ, ಹೊಟ್ಟೆ ನುಲಿತ, ಭೇದಿ. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಒಂದು ಸಲ ಆದವರು ಮರೆಯುವುದಿಲ್ಲ.

ಆಪರೇಷನ್‌ಗೆ ಮುಂಚಿನ ಎರಡು ವಾರ ಕಟ್ಟುನಿಟ್ಟಿನ ಊಟ ಹೇಳಿರುತ್ತಾರೆ. ಅದು ಸುಮ್ನೆ ಅಲ್ಲ. ಲಿವರ್‌ನ ಎಡಭಾಗ ಜಠರದ ಮೇಲೇ ಕೂತಿರುತ್ತದೆ. ತೂಕ ಜಾಸ್ತಿ ಇದ್ದವರಲ್ಲಿ ಅದು ಕೊಬ್ಬು ತುಂಬಿ ದಪ್ಪಗಾಗಿರುತ್ತದೆ. ಸರ್ಜನ್ ಅದನ್ನು ಮೇಲಕ್ಕೆತ್ತಿ ಹಿಡಿದು ಕೆಲಸ ಮಾಡಬೇಕು. ಎರಡು ವಾರದ ಊಟದಲ್ಲೇ ಲಿವರ್ ಕುಗ್ಗುತ್ತದೆ, ಕೆಲಸ ಸಲೀಸಾಗುತ್ತದೆ. ಇದನ್ನು ಸರ್ಜನ್ ಬಾಯಿಂದಲೇ ಅಣ್ಣನಿಗೆ ಕೇಳಿಸಿ. ತಂಗಿ ಹೇಳಿದರೆ ಉಪದೇಶ ಅನ್ನಿಸಬಹುದು. ಸಿಗರೇಟು ಇದ್ದರೆ ಈಗಲೇ ಬಿಡಬೇಕು. ಆಪರೇಷನ್ ಆದ ಮೇಲೆ ಮದ್ಯ ಬೇಗ ತಲೆಗೇರುತ್ತದೆ. ಊಟದ ಜಾಗಕ್ಕೆ ಕುಡಿತ ಬಂದು ಕೂತ ಮನೆಗಳನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಐಬುಪ್ರೊಫೆನ್ ಥರದ ನೋವಿನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗಬಾರದು, ಹುಣ್ಣಾಗುತ್ತದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಜೀವನಪೂರ್ತಿ.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಜ್ವರ, ಎದೆಬಡಿತ ಜೋರಾಗುವುದು, ಹೊಟ್ಟೆಯಲ್ಲೋ ಎಡ ಭುಜದಲ್ಲೋ ತಡೆಯಲಾರದ ನೋವು, ನಿಲ್ಲದ ವಾಂತಿ ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಆಪರೇಷನ್ ಆಗಿ ಮೂರು ವರ್ಷ. 121ರಿಂದ 82 ಕೆ.ಜಿ.ಗೆ ಇಳಿದಿದ್ದೆ. ಈಗ 88. ಡಾಕ್ಟರಿಗೆ ಮುಖ ತೋರಿಸಲು ನಾಚಿಕೆಯಾಗಿ ಒಂದು ವರ್ಷದಿಂದ ಚೆಕಪ್‌ಗೆ ಹೋಗಿಲ್ಲ. ಏನು ಮಾಡಲಿ?

ಉತ್ತರ: ಈ ವಾರವೇ ಹೋಗಿ. ತೂಕ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದ ನಡುವೆ ತೀರಾ ಕೆಳಗಿರುತ್ತದೆ, ಆಮೇಲೆ ಸ್ವಲ್ಪ ಏರುತ್ತದೆ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನದಲ್ಲಿ ಆಪರೇಷನ್ ಆದವರು ಎರಡು ವರ್ಷಕ್ಕೆ ಸರಾಸರಿ ಶೇ 23ರಷ್ಟು ತೂಕ ಇಳಿದಿದ್ದರು. ಇಪ್ಪತ್ತು ವರ್ಷಕ್ಕೆ ಅದು ಶೇ 18 ಆಗಿತ್ತು. ಅಂದರೆ ಸ್ವಲ್ಪ ಏರಿದರೂ ಬಹುಪಾಲು ಇಳಿತ ಹಾಗೇ ಉಳಿದಿತ್ತು. ನೀವು ಆರು ಕೆ.ಜಿ. ಏರಿದ ಮೇಲೂ ಶೇ 27ರಷ್ಟು ಕಡಿಮೆ ಇದ್ದೀರಿ. ಇದಕ್ಕೆ ನಾಚಿಕೆ ಯಾಕೆ?

ನನಗೆ ಚಿಂತೆ ಆ ಆರು ಕೆ.ಜಿ.ದಲ್ಲ, ನೀವು ಹೋಗದ ಆ ಒಂದು ವರ್ಷದ್ದು. ಬಿ12, ಕಬ್ಬಿಣ ಕಡಿಮೆಯಾದರೆ ಮೊದಲು ಏನೂ ಗೊತ್ತಾಗುವುದಿಲ್ಲ. ಆಮೇಲೆ ಸುಸ್ತು, ಕಾಲು ಜೋಮು. ರಕ್ತ ಪರೀಕ್ಷೆ ಆಗಲೇಬೇಕು. ಹಸಿವನ್ನು ತಗ್ಗಿಸುವ ಔಷಧಿಗಳೂ ಈಗ ಇವೆ, ನಿಮಗೆ ಬೇಕೋ ಬೇಡವೋ ಡಾಕ್ಟರೇ ಹೇಳುತ್ತಾರೆ. ಹೋಗುವಾಗ ಒಂದು ವಾರ ತಿಂದದ್ದನ್ನೆಲ್ಲ ಬರೆದುಕೊಂಡು ಹೋಗಿ. ಎಷ್ಟು ಹೊತ್ತಿಗೆ, ಎಷ್ಟು, ಕೂತೋ ನಿಂತೋ ಅಂತ ಬರೆಯಿರಿ. ರಾತ್ರಿ ತಿಂದದ್ದನ್ನೂ ಬಿಡಬೇಡಿ.