ಎಲೆಕ್ಟ್ರಿಕ್ ಸೈಕಲ್‌ನಲ್ಲಿ ದಿನಾ ಕೆಲಸಕ್ಕೆ ಹೋದರೆ ವ್ಯಾಯಾಮ ಆಗುತ್ತದೆಯೇ?

ಖಂಡಿತ ಆಗುತ್ತದೆ, ಆದರೆ ಅದು ಪೆಡಲ್ ತುಳಿದಾಗ ಮಾತ್ರ ಮೋಟರ್ ನೆರವಾಗುವ ಸೈಕಲ್ ಆಗಿರಬೇಕು. ಮಾಮೂಲಿ ಸೈಕಲ್‌ಗಿಂತ ಶ್ರಮ ಕಡಿಮೆ, ನಿಜ. ಹಾಗಂತ ಸುಮ್ನೆ ಕೂತು ಹೋಗುವುದಲ್ಲ.

ಇಂಥ ಸೈಕಲ್‌ನಲ್ಲಿ ಒಂದು ಸೆನ್ಸರ್ ಇರುತ್ತದೆ. ಒಳ್ಳೆಯ ಸೈಕಲ್‌ಗಳಲ್ಲಿ ಅದು ನೀವು ಎಷ್ಟು ಬಲ ಹಾಕಿ ತುಳಿಯುತ್ತಿದ್ದೀರಿ ಎಂದು ಅಳೆಯುತ್ತದೆ. ನೀವು 100 ವ್ಯಾಟ್‌ನಷ್ಟು ಶಕ್ತಿ ಹಾಕಿದರೆ ಮೋಟರ್ ಅದಕ್ಕೆ ತಕ್ಕಂತೆ ತನ್ನ ಪಾಲು ಸೇರಿಸುತ್ತದೆ. ನೀವು ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಹಾಗಾಗಿ ಕಾಲು, ಹೃದಯ ಎರಡಕ್ಕೂ ಕೆಲಸ ಇದ್ದೇ ಇರುತ್ತದೆ. ಏರಿನಲ್ಲಿ ಏದುಸಿರು ಕಡಿಮೆಯಾಗುತ್ತದೆ, ಅಷ್ಟೇ. ನನ್ನ ಪ್ರಕಾರ ಅದೇ ದೊಡ್ಡ ಲಾಭ. ಬೆವರಿ ಸುಸ್ತಾಗುವ ಭಯ ಇಲ್ಲದಿದ್ದರೆ ದಿನಾ ಹೊರಡಲು ಮನಸ್ಸು ಬರುತ್ತದೆ ಅಲ್ವಾ? ತುಳಿಯದೆ ಬರೀ ಥ್ರಾಟಲ್ (ಹ್ಯಾಂಡಲ್‌ನಲ್ಲಿರುವ ಆಕ್ಸಿಲರೇಟರ್) ತಿರುಗಿಸಿ ಹೋದರೆ ಮಾತ್ರ ಅದು ಸ್ಕೂಟರ್ ಇದ್ದ ಹಾಗೆ.

ವರ್ಷಪೂರ್ತಿ ಓಡಿಸುವುದಾದರೆ ಬ್ಯಾಟರಿ ಕಡೆ ಗಮನ ಕೊಡಿ. ಚಳಿ ಜಾಸ್ತಿಯಾದಾಗ ಅದರೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ, ಒಂದೇ ಚಾರ್ಜ್‌ಗೆ ಹೋಗುವ ದೂರ ಕಡಿಮೆಯಾಗುತ್ತದೆ. ಆಗ ಬ್ಯಾಟರಿ ಕಳಚಿ ಮನೆಯೊಳಗಿಡಿ. 0 ಡಿಗ್ರಿಗಿಂತ ತಣ್ಣಗಿರುವ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಲೇಬೇಡಿ, ಹಾಳಾಗುತ್ತದೆ.